ಹಡಮಾರ್ ಮತ್ತು ಪಾಸ್ಕಲನ ಲಿಮಾಸಾನ್: 1908ರ ಒಂದು ಪ್ಯಾರಾದ ಮರುವಿಚಾರಣೆ

ಅಂಚು ಬಿಗಿದ ತೆಳು ಫಲಕವನ್ನು ಒಂದು ಬಿಂದುವಿನಲ್ಲಿ ಒತ್ತಿದರೆ ಅದು ಎಲ್ಲೆಡೆಯೂ ಒತ್ತಿದ ಕಡೆಗೇ ಬಾಗುತ್ತದೆ, ಅಂದರೆ ಬೈಹಾರ್ಮೊನಿಕ್ ಗ್ರೀನ್ ಫಲನ ಎಲ್ಲೂ ಋಣವಾಗದು. ಈ ಮಾತನ್ನು 'ಹಡಮಾರ್ ಊಹೆ' ಎಂದು ಕರೆದು, 1949ರಲ್ಲಿ ಡಫಿನ್ ಅದನ್ನು ಮುರಿದರು ಎಂದು ಒಂದೇ ಸಾಲಿನಲ್ಲಿ ಮುಗಿಸುವವರು ರೋಮ್ ಗಣಿತ ಸಮ್ಮೇಳನದಲ್ಲಿ ಹಡಮಾರ್ ಮಾಡಿದ 1908ರ ಭಾಷಣವನ್ನು ತೆರೆದು ನೋಡಿದಂತಿಲ್ಲ.

ಅಲ್ಲಿ ಹಡಮಾರ್ ಊಹೆಯನ್ನು ಬೊಜ್ಜೊ ಅವರದೆಂದು ಸ್ಪಷ್ಟವಾಗಿಯೇ ಹೇಳುತ್ತಾರೆ. (ಗೋಳದ ಮಟ್ಟಿಗೆ ಲಾಪ್ಲಾಸಿಯನ್ನಿನ ಎಲ್ಲ ಘಾತಗಳಿಗೂ ಧನಾತ್ಮಕ ಸೂತ್ರ ಕೊಟ್ಟವರೂ ಬೊಜ್ಜೊ ಅವರೇ, 1905ರಲ್ಲಿ. ಅವರಿಗೆ ಸಲ್ಲಬೇಕಾದ ಶ್ರೇಯ ಇನ್ನೂ ಪೂರ್ತಿ ಸಂದಿಲ್ಲ.) ಸಾಧನೆ ಇಲ್ಲವೆಂದು ಒಪ್ಪಿಕೊಂಡೇ ಹಡಮಾರ್, ಪೀನ ಪ್ರದೇಶಗಳ ಮಟ್ಟಿಗೆ ಅನುಮಾನ ಬೇಡ ಎನ್ನುತ್ತಾರೆ. ಟೀಕಾಕಾರರು ಇಷ್ಟಕ್ಕೇ ಪುಸ್ತಕ ಮಡಚುತ್ತಾರೆ. ಅದರ ಬೆನ್ನಿಗೇ ಇನ್ನೊಂದು, ಹೆಚ್ಚು ದಿಟ್ಟವಾದ ಮಾತಿದೆ: ಪಾಸ್ಕಲನ ಲಿಮಾಸಾನ್ ಎಂಬ ನಿಮ್ನ ಆಕಾರದಲ್ಲೂ ಊಹೆ ನಿಲ್ಲುತ್ತದೆ.

ಮೊದಲ ಮಾತು ಉಳಿಯಲಿಲ್ಲ. 1951ರಲ್ಲಿ ಗ್ಯಾರಬೀಡಿಯನ್ ಉದ್ದನೆಯ ದೀರ್ಘವೃತ್ತದಲ್ಲಿ ಚಿಹ್ನೆ ಬದಲಾಗುವುದನ್ನು ತೋರಿಸಿದರು; ಕಾಫ್ಮನ್ ಮತ್ತು ಡಫಿನ್ ಅವರ 1980ರ ಕೆಲಸದಿಂದ ಚೌಕವೂ ಬಿತ್ತು. ಬೂವನಹಳ್ಳಿಯ ಮನೆಯೊಂದರ ಚೌಕ ಸ್ಲ್ಯಾಬನ್ನು ನಾಲ್ಕೂ ಅಂಚಿಗೆ ಆದರ್ಶವಾಗಿ ಬಿಗಿದು ಒಂದೆಡೆ ಭಾರ ಇಟ್ಟರೆ, ತೆಳು ಫಲಕದ ಲೆಕ್ಕದಲ್ಲಿ ಮೂಲೆಯ ಹತ್ತಿರ ಅದು ಕೂದಲೆಳೆಗಿಂತ ಎಷ್ಟೋ ಕಡಿಮೆ ಮೇಲೇಳಬಹುದು. ಎಂಜಿನಿಯರ್ ಅದನ್ನು ಲೆಕ್ಕಕ್ಕೆ ತಾರದಿರಬಹುದು, ಪ್ರಮೇಯ ತಾರದೆ ಬಿಡದು.

ಎರಡನೆಯ ಮಾತನ್ನು ಕಂತು ಕಂತಾಗಿ ನೋಡಬೇಕು. ಧ್ರುವೀಯ ರೂಪದಲ್ಲಿ ಲಿಮಾಸಾನಿನ ಅಂಚು ρ = 1 + 2a cos φ. a ಸೊನ್ನೆಯಾದರೆ ವೃತ್ತ. 1/4 ದಾಟಿದೊಡನೆ ಒಂದು ಕಡೆ ಗುಳಿ ಬೀಳುತ್ತದೆ. 1/2ರಲ್ಲಿ ಗುಳಿ ಮೊನಚಾಗಿ ಕಾರ್ಡಿಯಾಯ್ಡ್ ಆಗುತ್ತದೆ. ಈ ಇಡೀ ಸಾಲಿಗೆ ಹಡಮಾರ್ ಅಭಯ ಕೊಟ್ಟರು. ದಾಲ್ಲಾಕ್ವಾ ಮತ್ತು ಸ್ವೇರ್ಸ್ 2005ರಲ್ಲಿ ನಿಖರವಾದ ಗಡಿ ಹಾಕಿದರು: a ಬೆಲೆ √6/6, ಅಂದರೆ ಸುಮಾರು 0.408 ಮೀರದಿದ್ದರೆ ಮಾತ್ರ ಧನಾತ್ಮಕತೆ ಉಳಿಯುತ್ತದೆ. ಹಾಗಾಗಿ ಹಡಮಾರ್ ತಪ್ಪಿದರು, ಸರಿ. ಆದರೆ a = 0.4 ತೆಗೆದುಕೊಳ್ಳಿ. ಧ್ರುವದಿಂದ ಒಂದು ಕಡೆಯ ಅಂಚು 1.8 ದೂರ, ಎದುರಿನದು 0.2 ಮಾತ್ರ, ಗುಳಿ ಕಣ್ಣಿಗೆ ಹೊಡೆಯುತ್ತದೆ. ಆ ಫಲಕ ಪಾಸು, ಎಲ್ಲೂ ಗುಳಿಯಿಲ್ಲದ ಉದ್ದನೆಯ ದೀರ್ಘವೃತ್ತ ಫೇಲು!

ಪೀನತೆ ಇಲ್ಲಿ ಅಳತೆಗೋಲೇ ಅಲ್ಲ ಎಂಬ ಸುಳಿವು 1908ರ ಆ ಪ್ಯಾರಾದಲ್ಲೇ ಇತ್ತು. ಅದನ್ನು ಹಿಡಿಯದೆ ಹೋದವರು ಖಂಡನೆಕಾರರು. ವೃತ್ತಕ್ಕೆ ಎಷ್ಟು ಹತ್ತಿರ ಎಂಬುದನ್ನೇ ಹಿಡಿದು, ಅಂಚು ಸಾಕಷ್ಟು ನಯವಾಗಿ ವೃತ್ತದಿಂದ ತುಸು ಮಾತ್ರ ಸರಿದ ಸಮತಲ ಪ್ರದೇಶಗಳಲ್ಲಿ ಧನಾತ್ಮಕತೆ ಕೆಡದೆಂದು ಗ್ರೂನಾವ್ ಮತ್ತು ಸ್ವೇರ್ಸ್ 1996ರಲ್ಲಿ ಸಾಧಿಸಿದರು. ಗುಳಿ ಬಿದ್ದ ಲಿಮಾಸಾನುಗಳಿಗೆ ಆ ಪ್ರಮೇಯವೂ ಸಾಲಲಿಲ್ಲ. ಅವಕ್ಕೆ ಹಡಮಾರ್ ಹಿಡಿದಿದ್ದ ವಕ್ರರೇಖೆಯ ಲೆಕ್ಕವನ್ನೇ ಬೇರೆಯಾಗಿ ಮಾಡಬೇಕಾಯಿತು.