ಕೂಸಿನ ಬಟ್ಟಲಿನ ರಾಗಿ

ನಾಡು ಬಿಟ್ಟು ಬಂದ ನಾವು ರಾಜ್ಯೋತ್ಸವದಂದು ಭಾಷೆಯ ಉಳಿವನ್ನು ಕುರಿತು ಚಿಂತಿಸುತ್ತೇವೆ. ಅಡಿಗೆಮನೆಯಿಂದ ಸದ್ದಿಲ್ಲದೆ ಜಾರಿಹೋಗುವುದನ್ನು ಗಮನಿಸುವುದು ಕಡಿಮೆ. ಶಾಕಾಹಾರಿ ಮನೆಗಳಲ್ಲಿ ಕೂಸಿಗೆ ಏನುಣಿಸಬೇಕೆಂಬ ಪ್ರಶ್ನೆಗೆ ಹಳೆಯ ಮೈಸೂರು ಸೀಮೆಯ ತಾಯಂದಿರು ಕಂಡುಕೊಂಡ ಉತ್ತರ ರಾಗಿ. ಅದರ ಚರಿತ್ರೆಯನ್ನು ತುಸು ನೆನೆಯೋಣ.

ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಬಹು ಹಿಂದೆಯೇ ಅಲ್ಲಿಂದ ಬಂದ ಈ ಧಾನ್ಯ ನಮ್ಮ ಕೆಂಪು ಮಣ್ಣಿನಲ್ಲಿ ಬೇರೂರಿತು. 16ನೆಯ ಶತಮಾನದ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ವ್ಯಾಜ್ಯ ಹೂಡಿಸಿದರು. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಅಕ್ಕಿ ಸೊರಗಿತು, ರಾಗಿ ಕೆಡದೆ ನಿಂತಿತು. ಗೆಲವು ಬಡವರ ಧಾನ್ಯದ್ದಾಯಿತು.

1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರ ಆಹಾರ ಸಂಶೋಧನಾಲಯ ಆರಂಭವಾಯಿತು. ಮೊದಲ ನಿರ್ದೇಶಕರು ಡಾ. ವಿ. ಸುಬ್ರಹ್ಮಣ್ಯನ್. ಕಡಲೆಕಾಯಿ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿದ ಪೌಷ್ಟಿಕ ಆಹಾರ ಅಲ್ಲಿ ಸಿದ್ಧವಾಯಿತು. ಮುಂದೆ ಅಲ್ಲಿನ ವಿಜ್ಞಾನಿಗಳು ಮೊಳಕೆಯ ರಾಗಿಯನ್ನೂ ಪರೀಕ್ಷಿಸಿದರು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸುವುದು ಹಳೆಯ ಪದ್ಧತಿ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಆದ್ದರಿಂದ ಹಿಟ್ಟು ಹೆಚ್ಚು ಹಾಕಿದರೂ ಗಂಜಿ ತೆಳುವಾಗಿಯೇ ಇರುತ್ತದೆ. ಪುಟ್ಟ ಹೊಟ್ಟೆಗೆ ಹೆಚ್ಚು ಸತ್ತ್ವ ಸೇರುತ್ತದೆ. ಅಜ್ಜಿಯ ಕೈಹದಕ್ಕೆ ಹೀಗೆ ಶಾಸ್ತ್ರದ ಆಧಾರ ದೊರಕಿತು.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವುಂಟು. ಅಕ್ಕಿಯಲ್ಲಿ 10ರ ಆಸುಪಾಸು. ಆದರೂ ರಾಗಿಯೊಂದೇ ಸಾಲದು. ಧಾನ್ಯದಲ್ಲಿ ಕೊರತೆಯಾದ ಲೈಸಿನ್ ಬೇಳೆಯಲ್ಲಿದೆ. ಬೇಳೆಯ ಕೊರತೆಯನ್ನು ಧಾನ್ಯ ತುಂಬುತ್ತದೆ. ಮುದ್ದೆಗೆ ಸಾರು ಜೊತೆಯಾದುದು ರುಚಿಗಾಗಿ ಮಾತ್ರವಲ್ಲ. ಸೊಪ್ಪಿಗೆ ಹಿಂಡಿದ ನಿಂಬೆರಸ ಕಬ್ಬಿಣದಂಶ ಮೈಗೂಡಲು ನೆರವಾಗುತ್ತದೆ. 1948ರಲ್ಲಿ ಬೇರ್ಪಡಿಸಿದ ಬಿ-12 ಜೀವಸತ್ತ್ವ ಮಾತ್ರ ಸಸ್ಯಾಹಾರದಿಂದ ನೆಚ್ಚುವಷ್ಟು ದೊರೆಯದು. ಹಾಲು ಮೊಸರು ಅದನ್ನು ಒದಗಿಸುತ್ತವೆ. ಅವನ್ನೂ ತ್ಯಜಿಸಿದ ಮನೆಯವರು ವೈದ್ಯರನ್ನು ಕೇಳಿ ಮಕ್ಕಳಿಗೆ ಅದನ್ನು ತಪ್ಪದೆ ಕೊಡಿಸಬೇಕು.

ಪರಊರಿನಲ್ಲಿ ರಾಗಿಯೆಂದರೆ ಹಳ್ಳಿಗರ ಊಟವೆಂಬ ಸಂಕೋಚ ನಮ್ಮಲ್ಲಿ ಹಲವರನ್ನು ಕಾಡಿದ್ದುಂಟು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ಅದಕ್ಕೆ ಅರ್ಥವಿಲ್ಲ. ಉತ್ತರದ ಬಂಧುಗಳಿಗೆ ಜೋಳ ಹೇಗೋ, ದಕ್ಷಿಣದವರಿಗೆ ರಾಗಿ ಹಾಗೆ. ಆರು ತಿಂಗಳು ತುಂಬಿದ ಕೂಸಿಗೆ ತಾಯಿಹಾಲಿನೊಡನೆ ರಾಗಿಯ ಸರಿಯನ್ನೂ ಉಣಿಸೋಣ. ಉಣಿಸುವಾಗ ಆಡುವ ಮಾತು ಕನ್ನಡವಾಗಿರಲಿ.