ಲಕ್ಕಿ ಎಲೆಯ ಸಾರ: ನೋವು, ಬಾವುಗಳ ಪರೀಕ್ಷೆಯಲ್ಲಿ ಬಳಕೆಯ ಕ್ರಮದ ಪ್ರಶ್ನೆ

ಬೀಳಗಿ ತಾಲ್ಲೂಕಿನ ಅನಗವಾಡಿ ಘಟಪ್ರಭೆಯ ದಂಡೆಯ ಊರು, ಕಬ್ಬಿನ ಸೀಮೆ. ಕಬ್ಬು ಕಡಿದು ಹೊರೆ ಹೊರುವವರ ಮೊಣಕಾಲು, ಸೊಂಟಗಳ ನೋವಿಗೆ ಉತ್ತರ ಕರ್ನಾಟಕದ ಮನೆಮದ್ದಿನಲ್ಲಿ ಲಕ್ಕಿ ತಪ್ಪಲಿಗೆ ಹಳೆಯ ಸ್ಥಾನವಿದೆ. ಆಯುರ್ವೇದದ ನಿರ್ಗುಂಡಿ, ಸಸ್ಯಶಾಸ್ತ್ರದ ವೈಟೆಕ್ಸ್ ನೆಗುಂಡೊ ಇದೇ. ಎಲೆಯನ್ನು ಹಂಚಿನ ಮೇಲೆ ಬಾಡಿಸಿ ಬಾವಿಗೆ ಕಟ್ಟುತ್ತಾರೆ. ಎಲೆ ಕುದಿಸಿದ ನೀರು ಹೊಯ್ದುಕೊಳ್ಳುತ್ತಾರೆ. ಪ್ರಯೋಗಾಲಯದಲ್ಲಾದರೋ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಮೆಥನಾಲ್‌ನಲ್ಲಿ ಸಾರ ತೆಗೆದು ಇಲಿಗಳಿಗೆ ಬಾಯಿಯ ಮೂಲಕ ಕೊಡುವುದೇ ಹೆಚ್ಚು. ಆ ಫಲಿತಾಂಶ ಹಂಚಿನ ಮೇಲೆ ಬಾಡಿಸಿದ ಎಲೆಗೂ ಸಲ್ಲುತ್ತದೆಯೇ ಎಂಬುದು ಈ ಲೇಖನದ ಪ್ರಶ್ನೆ.

ಬಾವಿನ ಪರೀಕ್ಷೆಗೆ ವಿಂಟರ್, ರಿಸ್ಲಿ, ನಸ್ ಅವರು 1962ರಲ್ಲಿ ಪ್ರಕಟಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಕೆಂಪು ಕಡಲಪಾಚಿಯಿಂದ ಬರುವ ಕ್ಯಾರಗೀನನ್‌ನ 1% ದ್ರಾವಣವನ್ನು ಸಾಮಾನ್ಯವಾಗಿ 0.1 ಮಿ.ಲೀ.ನಷ್ಟು ಇಲಿಯ ಹಿಂಗಾಲಿನ ಅಂಗಾಲಿಗೆ ಚುಚ್ಚಿ, ಬಾತ ಪಾದದ ಗಾತ್ರವನ್ನು ಗಂಟೆಗೊಮ್ಮೆ ಅಳೆಯುತ್ತಾರೆ. ಮೊದಲ ಹಂತದ ಬಾವಿಗೆ ಹಿಸ್ಟಮಿನ್, ಸೆರಟೋನಿನ್ ಕಾರಣವಾದರೆ, ಮೂರನೆಯ ಗಂಟೆಯ ಹೊತ್ತಿಗೆ ಪ್ರೊಸ್ಟಗ್ಲಾಂಡಿನ್‌ಗಳು ಮುಂದಾಗುತ್ತವೆ. ಆಸ್ಪಿರಿನ್ ತಡೆಯುವುದು ಇವುಗಳ ಉತ್ಪತ್ತಿಯನ್ನೇ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. ಆದುದರಿಂದ ಬಾವು ಎಷ್ಟು ಇಳಿಯಿತು ಎಂಬುದರಷ್ಟೇ ಯಾವ ಗಂಟೆಯಲ್ಲಿ ಇಳಿಯಿತು ಎಂಬುದೂ ಮುಖ್ಯ.

ನೋವಿನ ಪರೀಕ್ಷೆಯಲ್ಲಿ ಸುಮಾರು 55 ಡಿಗ್ರಿ ಸೆಲ್ಸಿಯಸ್‌ನ ಫಲಕದ ಮೇಲೆ ಬಿಟ್ಟ ಇಲಿ ಪಾದ ನೆಕ್ಕುವ ಅಥವಾ ಜಿಗಿಯುವ ಕ್ಷಣವನ್ನು ಗುರುತಿಸುತ್ತಾರೆ. ಪಾದ ಸುಡದಂತೆ ನಿಗದಿತ ಸಮಯಕ್ಕೆ ಅದನ್ನು ಎತ್ತಿಬಿಡಬೇಕು. ಸಾರ ಮಂಪರು ತಂದರೂ ಇಲಿ ತಡವಾಗಿಯೇ ಜಿಗಿಯುತ್ತದೆ. ಹಾಗಾಗಿ ಚಲನೆಯ ಪರೀಕ್ಷೆಯನ್ನೂ ಜೊತೆಗೆ ಮಾಡದೆ ನೋವು ಶಮನವಾಯಿತೆಂದು ತೀರ್ಮಾನಿಸಲಾಗದು.

2003ರಲ್ಲಿ ಶ್ರೀಲಂಕಾದ ಸಂಶೋಧಕರು ಬಲಿತ ಹಸಿ ಎಲೆಯ ನೀರಿನ ಸಾರವನ್ನು ಇಲಿಗಳಿಗೆ ಕುಡಿಸಿ, ಬಾವು ಮತ್ತು ನೋವು ಎರಡನ್ನೂ ತಗ್ಗಿಸುವ ಗುಣ ಕಂಡರು. ನೀರನ್ನೇ ಬಳಸಿದ್ದರಿಂದ ಈ ಕೆಲಸ ಮನೆಮದ್ದಿಗೆ ಹತ್ತಿರವಾಯಿತು. ಆದರೂ ಕಟ್ಟಿದ ಎಲೆಯ ಪ್ರಶ್ನೆ ಉಳಿಯುತ್ತದೆ, ಏಕೆಂದರೆ ಶಾಖವೊಂದೇ ನೋವನ್ನು ಹಗುರ ಮಾಡಬಲ್ಲದು. ಬಾಡಿಸಿದ ಎಲೆ, ಅಷ್ಟೇ ಬಿಸಿಯ ಒದ್ದೆ ಬಟ್ಟೆ, ಬಿಸಿ ಮಾಡದ ಎಲೆ ಎಂಬ ಮೂರು ಗುಂಪುಗಳನ್ನು ಹೋಲಿಸಿದರೆ ಶಾಖದ ಪಾಲೆಷ್ಟು, ಎಲೆಯ ಪಾಲೆಷ್ಟು ಎಂದು ಬೇರ್ಪಡಿಸಬಹುದು.

ಮೆಥನಾಲ್ ಸಾರದ ಯಶಸ್ಸು ಹೊಸ ಔಷಧಿಯ ಹುಡುಕಾಟಕ್ಕೆ ನೆರವಾಗುತ್ತದೆ. ಅದನ್ನೇ ಮನೆಮದ್ದಿನ ಸಮರ್ಥನೆಯೆಂದು ಬರೆಯುವುದು ತಪ್ಪು. ಜನ ಬಳಸುವ ಕ್ರಮವನ್ನೇ ಪರೀಕ್ಷೆಗೆ ಒಡ್ಡಿದಾಗ ಮಾತ್ರ ದುಡಿಯುವವರ ಮೊಣಕಾಲಿಗೆ ಉಪಯೋಗವಾಗುವ ಉತ್ತರ ಸಿಗುತ್ತದೆ.