ತಂಬೂರಿಗೆ ಸಂದ ಮರ್ಯಾದೆ

ಮಂಡ್ಯದ ಪೇಟೆಯು ಬೆಳೆದು ಗುತ್ತಲನ್ನು ತನ್ನೊಳಗೆ ಸೇರಿಸಿಕೊಂಡಿರುವುದು. ಆದರೂ ಗುತ್ತಲು, ಮದ್ದೂರು, ಮಳವಳ್ಳಿಗಳ ಹಿರಿಯರೊಡನೆ ಹಾಡಿನ ಮಾತೆತ್ತಿದರೆ ನೀಲಗಾರರ ತಂಬೂರಿ ಬಂದೇ ಬರುವುದು. ಮಂಟೇಸ್ವಾಮಿಯ ಕಥೆಯನ್ನು ಹಾಡಿದವನ ಜೋಳಿಗೆಗೆ ಬಿದ್ದ ರಾಗಿಯೇ ಅಂದಿನ ಪ್ರಶಸ್ತಿ. ಬೆಳಗಿನ ಜಾವದವರೆಗೂ ಎದ್ದುಹೋಗದೆ ಕುಳಿತ ಜನರೇ ತೀರ್ಪುಗಾರರು.

ವಿದ್ಯಾವಂತರ ಮನ್ನಣೆ ಮೊದಲು ಸಂದುದು ಹಾಡಿದವರಿಗಲ್ಲ, ಹಾಡನ್ನು ಬರೆದುಕೊಂಡವರಿಗೆ. ಜನಪದ ಗೀತೆಗಳ ಅಧ್ಯಯನಕ್ಕಾಗಿ ಬಿ.ಎಸ್. ಗದ್ದಗಿಮಠರು 1955ರಲ್ಲಿ ಡಾಕ್ಟರೇಟ್ ಪಡೆದರು. ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದಕ್ಕೆ ನೆಲೆ ಒದಗಿಸಿದರು. ಅದೇ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತನ್ನು ಕಟ್ಟಿದರು. 1980ರಲ್ಲಿ ಸರ್ಕಾರದ ಜಾನಪದ ಮತ್ತು ಯಕ್ಷಗಾನ ಅಕಾಡೆಮಿ ಹುಟ್ಟಿತು. ಮುಂದೆ ಯಕ್ಷಗಾನ ಬೇರೆಯಾಗಿ ಜಾನಪದಕ್ಕೆ ತನ್ನದೇ ಅಕಾಡೆಮಿ ಉಳಿಯಿತು.

ಈ ಅಕಾಡೆಮಿಯ ವಾರ್ಷಿಕ ಪ್ರಶಸ್ತಿ ಜಿಲ್ಲೆಗೊಬ್ಬರಂತೆ ಸಲ್ಲುತ್ತದೆ. ಸೋಬಾನೆ, ತತ್ವಪದ, ಗೀಗಿಪದ, ತಂಬೂರಿಪದ, ಕಂಸಾಳೆ, ಡೊಳ್ಳು ಎಂದು ಕಲೆಯ ಹೆಸರೂ ಅದರ ಜೊತೆಗಿರುತ್ತದೆ. ವಿದ್ವಾಂಸರಿಗೆ ಜೀ.ಶಂ.ಪ. ಮತ್ತು ಗದ್ದಗಿಮಠರ ಹೆಸರಿನ ಎರಡು ಪ್ರಶಸ್ತಿಗಳು ಬೇರೆ. ಸರ್ಕಾರದ 'ಜಾನಪದಶ್ರೀ' ಇನ್ನೊಂದು. ದೆಹಲಿಯ ಕಣ್ಣೂ ಇತ್ತ ತಿರುಗಿದೆ: ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ, ಜೋಗತಿ ಮಂಜಮ್ಮನವರಿಗೆ 2021ರಲ್ಲಿ, ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಊರ ಹೊರಗೆ ನಿಲ್ಲಿಸಿದ್ದ ತಮಟೆ ರಾಷ್ಟ್ರಪತಿ ಭವನವನ್ನು ಹೊಕ್ಕಿತೆಂದರೆ ಅದು ಸಣ್ಣ ಮಾತಲ್ಲ.

ಅಮೆರಿಕದ ಹಳ್ಳಿಗಾಡಿನ ಸಂಗೀತಕ್ಕೂ ಇಂಥ ಚರಿತ್ರೆಯುಂಟು. 1958ರಲ್ಲಿ ಹುಟ್ಟಿದ ಅಲ್ಲಿಯ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ 1967ರಲ್ಲಿ ಪ್ರಶಸ್ತಿಗಳನ್ನು ಆರಂಭಿಸಿತು. ಗಾಯಕ, ಗಾಯಕಿ, ಹಾಡು, ಧ್ವನಿಮುದ್ರಿಕೆ, ವಾದ್ಯಗಾರ, ಗಾಯಕವೃಂದ—ಹೀಗೆ ವಿಭಾಗಗಳು. ಅಲ್ಲಿ ಹಾಡು ಮಾರುಕಟ್ಟೆಯ ಸರಕು. ಕಟ್ಟಿದವನಿಗೂ ಹಾಡಿದವನಿಗೂ ಬೇರೆ ಬೇರೆ ಲೆಕ್ಕ. ನಮ್ಮ ಮಂಟೇಸ್ವಾಮಿಯ ಕಾವ್ಯವನ್ನು ಕಟ್ಟಿದವನಾರು? ತಲೆಮಾರುಗಳೇ ಕಟ್ಟಿದ ಹಾಡಿಗೆ 'ಉತ್ತಮ ಗೀತರಚನಕಾರ'ನನ್ನು ಎಲ್ಲಿಂದ ಕರೆತರುವುದು?

ಆದರೆ ಅವರಿಂದ ನಾವು ಕಲಿಯಬೇಕಾದುದೂ ಒಂದಿದೆ, ಅದು ವೃಂದದ ವಿಭಾಗ. ನೀಲಗಾರನು ಒಬ್ಬನೇ ಹಾಡುವವನಲ್ಲ. ತಂಬೂರಿ ಮೀಟುತ್ತ, ಗಗ್ಗರ ನುಡಿಸುತ್ತ ಅವನು ಮುಂದೆ ಹೋದರೆ, ಡಕ್ಕೆ, ತಾಳಗಳ ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುವರು. ಅವನ ಉಸಿರು ತೀರಿದಲ್ಲಿ ಕಥೆಯನ್ನು ಹಿಡಿದು ನಿಲ್ಲಿಸುವವರು ಅವರೇ. ನಮ್ಮ ಪ್ರಶಸ್ತಿಯಾದರೋ ಸಾಮಾನ್ಯವಾಗಿ ಒಬ್ಬರ ಹೆಸರಿಗೆ ಬರುವುದು. ಶಾಲು ಒಂದು ಹೆಗಲಿಗೆ ಬಿದ್ದಾಗ ಉಳಿದ ಹೆಗಲುಗಳು ಬರಿದಾಗುವುವು.

ಪ್ರಶಸ್ತಿ ಬೇಡವೆಂದು ಇದರರ್ಥವಲ್ಲ. ಜೋಳಿಗೆಗೆ ರಾಗಿ ಹಾಕುವ ಮನೆಗಳು ಕಡಿಮೆಯಾದ ಕಾಲದಲ್ಲಿ ಅದು ಬೇಕೇ ಬೇಕು. ರಾಗಿಯನ್ನು ಮೇಳವೆಲ್ಲ ಹಂಚಿಕೊಳ್ಳಬಹುದಾಗಿತ್ತು. ಬಿರುದನ್ನೂ ಹಾಗೆ ಹಂಚಲು ಬರುವ ದಾರಿಯನ್ನು ನಾವು ಹುಡುಕಬೇಕಾಗಿದೆ.